ನರನೋವಿನ ಮದ್ದು ಮತ್ತು ಕಾಡಿನ ಬೇರು

‘ನರದ ನೋವು’ ಎಂಬ ಮಾತು ಕೇಳಿಬರದ ಮನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ವಿರಳ. ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ ವರ್ಷಗಟ್ಟಲೆ ಬೀಡಿ ಕಟ್ಟಿದ ತಾಯಂದಿರ ಬೆರಳುಗಳು ರಾತ್ರಿ ಜೋಮು ಹಿಡಿದು ನಿದ್ದೆಗೆಡಿಸುತ್ತವೆ. ಕುತ್ತಿಗೆಯಿಂದ ತೋಳಿಗೆ ಸೆಳೆತ ಇಳಿಯುತ್ತದೆ. ಅಡಿಕೆ ಮರ ಹತ್ತಿಳಿದವರ, ಗೊಬ್ಬರದ ಬುಟ್ಟಿ ಹೊತ್ತವರ ಸೊಂಟದ ನೋವು ಕಾಲಿನ ಹಿಂಬದಿಯಿಂದ ಪಾದದವರೆಗೆ ಹರಿಯುತ್ತದೆ. ಆಯುರ್ವೇದವು ಗೃಧ್ರಸಿ ಎನ್ನುವುದು ಇದನ್ನೇ. ಸಕ್ಕರೆ ಕಾಯಿಲೆಯವರಿಗೆ ಅಂಗಾಲಿನ ಉರಿ. ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳುಗಳಾದರೂ ಕೆಲವು ಹಿರಿಯರಿಗೆ ಅಂಗಿ ತಾಗಿದರೆ ಕೆಂಡ ತಾಗಿದಂತಾಗುತ್ತದೆ.

ಇವರೆಲ್ಲ ಒಂದಲ್ಲ ಒಂದು ದಿನ ಎಣ್ಣೆ, ಕಷಾಯ, ಸೊಪ್ಪಿನ ಕಿಳಿ, ಮಣ್ಣಿನ ಪಟ್ಟಿಗಳ ಮೊರೆ ಹೋಗುತ್ತಾರೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಸಾಲಿನಲ್ಲಿ ನಾವಿಲ್ಲ. ಆಧುನಿಕ ವೈದ್ಯವೂ ಇಲ್ಲಿ ಸರ್ವಶಕ್ತವಲ್ಲ. 2015ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ವಿಸ್ತೃತ ಪರಾಮರ್ಶೆಯ ಪ್ರಕಾರ, ಇಂದು ಧಾರಾಳವಾಗಿ ಬರೆದುಕೊಡಲಾಗುವ ಪ್ರೆಗಾಬಾಲಿನ್ ಮಾತ್ರೆಯನ್ನು ಸುಮಾರು 8 ಮಂದಿಗೆ ಕೊಟ್ಟರೆ, ಹುಸಿಮಾತ್ರೆಯಿಂದ ಆಗುವುದಕ್ಕಿಂತ ಹೆಚ್ಚಿನ ಗಣನೀಯ ಉಪಶಮನ ಸಿಗುವುದು ಒಬ್ಬರಿಗೆ. ಹಳೆಯದಾದ, ಅಗ್ಗದ ಅಮಿಟ್ರಿಪ್ಟಿಲಿನ್ ಬಗೆಯ ಔಷಧಗಳ ಫಲ ಇದಕ್ಕಿಂತ ಉತ್ತಮ. ಆದರೆ ಬಾಯಿ ಒಣಗುವಿಕೆ, ಮಂಪರು ಮುಂತಾದ ತೊಂದರೆಗಳುಂಟು. ಹೀಗಿರುವಾಗ ಉಳಿದ ನೋವಿನೊಂದಿಗೆ ಬದುಕಲು ಜನರು ಬೇರೆ ದಾರಿ ಹುಡುಕುವುದು ಸಹಜವೇ ಆಗಿದೆ.

ಆ ದಾರಿ ನಮ್ಮಲ್ಲಿ ಹತ್ತಿರದಲ್ಲಿಯೇ ಇದೆ. ಮೂಡುಬಿದಿರೆಯಲ್ಲಿ ಆಳ್ವಾಸ್ ಆಯುರ್ವೇದ ಕಾಲೇಜು, ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಪ್ರಕೃತಿ ಚಿಕಿತ್ಸಾ ಕಾಲೇಜು, ಧರ್ಮಸ್ಥಳದಲ್ಲಿ ಶಾಂತಿವನ ಇವೆ. ಇವುಗಳ ಹೊರಗೆ ಊರೂರಿನ ನಾಟಿ ವೈದ್ಯರಿದ್ದಾರೆ. ಬೆಚ್ಚನೆಯ ಎಣ್ಣೆಯ ಅಭ್ಯಂಗ, ಲಕ್ಕಿ ಸೊಪ್ಪಿನ ಬಿಸಿನೀರು, ನಿಧಾನವಾದ ಯೋಗಾಸನ ಇವು ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ, ನಿದ್ದೆ ತರುತ್ತವೆ. ನಿದ್ದೆ ಬಂದವನಿಗೆ ನೋವು ತಾಳುವ ಶಕ್ತಿ ಹೆಚ್ಚು. ಯಾರೋ ಕೈಯಿಟ್ಟು ಅರ್ಧ ಗಂಟೆ ಉಪಚರಿಸುವುದೇ ದೊಡ್ಡ ಸಮಾಧಾನ. ಎರಡು ನಿಮಿಷದಲ್ಲಿ ಚೀಟಿ ಬರೆದು ಮುಗಿಸುವ ಕಡೆ ಅದು ದೊರೆಯದು. ನಮ್ಮ ಅಡುಗೆಮನೆಯ ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ನರದ ತುದಿಯನ್ನು ಮರಗಟ್ಟಿಸುವ ಲೇಪವಾಗಿ ಅಧಿಕೃತ ವೈದ್ಯದಲ್ಲೇ ಸ್ಥಾನ ಪಡೆದಿದೆ; ಆ ಖಾರವನ್ನು ಗ್ರಹಿಸುವ ನರದ ಬಾಗಿಲನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾಲು ಸಂದಿತು. (ಇದನ್ನೋದಿ ಯಾರೂ ಮೆಣಸು ಅರೆದು ಕಾಲಿಗೆ ಹಚ್ಚಿಕೊಳ್ಳಬಾರದು. ಲೇಪದ ಪ್ರಮಾಣವೇ ಬೇರೆ.)

ನಮ್ಮ ಆಕ್ಷೇಪವಿರುವುದು ‘ಬುಡಸಹಿತ ಗುಣಪಡಿಸುತ್ತೇವೆ’ ಎಂಬ ಭರವಸೆಗೆ. ಬೇರೆ ಬೇರೆ ಕಾರಣಗಳ ನೋವನ್ನು ‘ವಾತ’ ಎಂಬ ಒಂದೇ ಚೀಲಕ್ಕೆ ತುಂಬಿ, ಒಂದೇ ಬಾಟಲಿಯ ಮದ್ದು ಮಾರುವ ವ್ಯಾಪಾರವದು. ಬೀಡಿ ಕಟ್ಟುವವರ ಮಣಿಕಟ್ಟಿನಲ್ಲಿ ನರ ಅದುಮಿದ್ದರೆ ಕೆಲಸದ ಭಂಗಿ, ವಿರಾಮಗಳು ಬದಲಾಗಬೇಕು. ಕೆಲವೊಮ್ಮೆ ಸಣ್ಣ ಶಸ್ತ್ರಚಿಕಿತ್ಸೆಯೇ ಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದ ಸಕ್ಕರೆ ರೋಗಿಗೆ ಬಿ12 ಜೀವಸತ್ವದ ಕೊರತೆಯಿಂದಲೂ ಪಾದ ಉರಿಯಬಹುದು. ಅದಕ್ಕೆ ರಕ್ತಪರೀಕ್ಷೆ ಸಾಕು, ಎಣ್ಣೆ ಸಾಲದು. ಸ್ಪರ್ಶ ತಿಳಿಯದ ಮಚ್ಚೆಯೊಂದಿಗೆ ಬಂದ ನರನೋವು ಕುಷ್ಠವಾಗಿರಬಹುದು. ಸೊಂಟನೋವಿನೊಂದಿಗೆ ಮೂತ್ರದ ಹಿಡಿತ ತಪ್ಪಿದರೆ ಅಥವಾ ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಸರ್ಪಸುತ್ತಿನ ಮಾತು ನಮ್ಮ ನಾಡಿನಲ್ಲಿ ಹೆಚ್ಚು ಸೂಕ್ಷ್ಮ. ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಾಣು ನರದ ಬುಡದಲ್ಲಿ ದಶಕಗಳ ಕಾಲ ಅಡಗಿದ್ದು, ಮುಪ್ಪಿನಲ್ಲಿ ಅಥವಾ ದೇಹ ಸೋತಾಗ ಆ ನರದ ಗುಂಟ ಮೇಲೇಳುತ್ತದೆ. ಪಟ್ಟಿಯಾಗಿ ಸುತ್ತುವ ಗುಳ್ಳೆಯನ್ನು ಕಂಡೊಡನೆ ನಾಗನ ನೆನಪಾಗುವುದು ತುಳುನಾಡಿನಲ್ಲಿ ಸಹಜ. ಹರಕೆ ಹೇಳಿಕೊಳ್ಳುವುದಕ್ಕಾಗಲಿ, ಲೇಪ ಹಚ್ಚಿಸಿಕೊಳ್ಳುವುದಕ್ಕಾಗಲಿ ನಮ್ಮ ತಕರಾರಿಲ್ಲ. ಆದರೆ ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳೊಳಗೆ ವೈರಾಣು ನಿರೋಧಕ ಮಾತ್ರೆ ಆರಂಭವಾದರೆ ರೋಗದ ತೀವ್ರತೆ ತಗ್ಗುತ್ತದೆ. ಕಣ್ಣಿನ ಬಳಿ ಎದ್ದರಂತೂ ದೃಷ್ಟಿಯ ಪ್ರಶ್ನೆ. ಈ ಮೂರು ದಿನಗಳು ಲೇಪದಲ್ಲಿಯೇ ಕಳೆದುಹೋಗುತ್ತಿರುವುದು ವಿಷಾದನೀಯ. ಸರ್ಪಸುತ್ತಿಗೆ ಲಸಿಕೆಯೂ 2023ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿದೆ. ಬಡವರ ಕೈಗೆಟಕುವ ಬೆಲೆ ಅದಕ್ಕಿಲ್ಲ. ಅಂದಹಾಗೆ, ನಾಗನಿಗೆ ಹರಕೆ ಹೇಳುವ ನಾವೇ ಬನದ ಮರ ಬಳ್ಳಿ ಕಡಿದು ಸಿಮೆಂಟಿನ ಕಟ್ಟೆ ಕಟ್ಟಿಸಿದ ಪರಿಯನ್ನು ಊರೂರಿನಲ್ಲಿ ಕಾಣಬಹುದು.

ಸಕ್ಕರೆ ಕಾಯಿಲೆಯವರ ಬಗ್ಗೆ ಇನ್ನೊಂದು ಎಚ್ಚರಿಕೆ. ಉರಿಯುವ ಪಾದಕ್ಕೆ ಬಿಸಿಯ ಅರಿವು ಇಲ್ಲದಿರಬಹುದು. ಬಿಸಿ ಕಿಳಿ, ಬಿಸಿನೀರಿನಿಂದ ಚರ್ಮ ಸುಟ್ಟು, ಗಾಯ ಕೊಳೆತು, ಬೆರಳನ್ನೇ ಕಳೆದುಕೊಳ್ಳುವ ಅಪಾಯವುಂಟು. ಶಾಖವನ್ನು ಮೊದಲು ಮನೆಯ ಬೇರೊಬ್ಬರ ಮೊಣಕೈಯಿಂದ ನೋಡಬೇಕು.

ಹೆಸರು, ಘಟಕಗಳ ವಿವರ ಇಲ್ಲದ ಪುಡಿ ಗುಳಿಗೆಗಳದು ಬೇರೆಯೇ ಕಥೆ. ಇಂತಹ ಕೆಲವು ‘ಶುದ್ಧ ಗಿಡಮೂಲಿಕೆ’ಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. 2004ರಲ್ಲಿ ಅಮೆರಿಕದ ಬೋಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂತು. ಸೀಸವೂ ಆರ್ಸೆನಿಕ್ಕೂ ಸ್ವತಃ ನರವನ್ನು ಕೆಡಿಸುವ ವಿಷಗಳು! ನರನೋವಿಗೆಂದು ನರಘಾತಕವನ್ನೇ ನುಂಗುವ ವಿಪರ್ಯಾಸ ಇದು. ನರಕ್ಕೆ ವಿಷ ತಗುಲುವುದು ಬಾಟಲಿಯಿಂದಷ್ಟೇ ಅಲ್ಲವೆಂಬುದನ್ನು ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನರಿಗೆ ಹೇಳಿಕೊಡಬೇಕಾಗಿಲ್ಲ. ಸರಕಾರಿ ಗೇರು ನಿಗಮವು ಸುಮಾರು ಎರಡು ದಶಕ ಆಕಾಶದಿಂದ ಸುರಿದ ಎಂಡೋಸಲ್ಫಾನ್ ನರಮಂಡಲದ ವಿಷ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಬೆಳೆದ ಮಕ್ಕಳನ್ನು ಇಂದಿಗೂ ಎತ್ತಿ ಇಳಿಸುವ ಅಲ್ಲಿನ ತಾಯಂದಿರ ಸೊಂಟಕ್ಕೆ ಬೇಕಾದದ್ದು ಮನೆಬಾಗಿಲಿಗೆ ಬರುವ ಫಿಸಿಯೋಥೆರಪಿ.

ಇನ್ನು ಕಾಡಿನ ಮಾತು. ವಾತಹರವೆಂದು ಹೆಸರಾದ ದಶಮೂಲದಲ್ಲಿ ಐದು ಮರಗಳು: ಬಿಲ್ವ, ಶಿವನೆ, ಪಾದರಿ, ತಗ್ಗಿ ಮತ್ತು ಕತ್ತಿಯಂತಹ ಉದ್ದನೆಯ ಕಾಯಿ ಬಿಡುವ ಶ್ಯೋನಾಕ. ಶಾಸ್ತ್ರ ಕೇಳುವುದು ಇವುಗಳ ಬೇರನ್ನು. ಎಲೆ ಕೊಯ್ದರೆ ಮರ ಮತ್ತೆ ಚಿಗುರುತ್ತದೆ; ಬೇರು ಅಗೆದರೆ ಮರವೇ ಇಲ್ಲ. ಹಿಂದೆ ವೈದ್ಯರು ತಮ್ಮ ಊರಿನ ರೋಗಿಗಳಿಗೆ ಬೇಕಾದಷ್ಟನ್ನೇ ತೆಗೆಯುತ್ತಿದ್ದರು. ಇಂದು ಕಾರ್ಖಾನೆಗಳಿಗೆ ಲೋಡುಗಟ್ಟಲೆ ಬೇಕು. ‘ಬುಡಸಹಿತ ಗುಣ’ ಎಂಬ ಜಾಹೀರಾತಿನಲ್ಲಿ ನಿಜಕ್ಕೂ ಬುಡಸಹಿತ ಹೋಗುತ್ತಿರುವುದು ಶ್ಯೋನಾಕವೇ ಹೊರತು ನೋವಲ್ಲ. 1990ರ ದಶಕದಲ್ಲಿ ಅರಣ್ಯ ಇಲಾಖೆಯೂ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯೂ ಸೇರಿ ಚಾರ್ಮಾಡಿ, ಕುದುರೆಮುಖ, ಸುಬ್ರಹ್ಮಣ್ಯ ಮುಂತಾದೆಡೆ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದವು. ಅದು ದೂರದೃಷ್ಟಿಯ ಕೆಲಸ. ಆದರೆ ಆ ಗಡಿಯಾಚೆಯ ಕಾಡಿನಲ್ಲಿ ಅಗೆತಕ್ಕೆ ಲೆಕ್ಕವಿಡುವವರು ಯಾರು?

ಎಲ್ಲ ಎಣ್ಣೆಗಳೂ ಕಾಡನ್ನು ಬೇಡುವುದಿಲ್ಲವೆಂಬುದು ನೆಮ್ಮದಿಯ ಸಂಗತಿ. ಕ್ಷೀರಬಲಾ ತೈಲದ ಬಲಾ ರಸ್ತೆ ಬದಿಯಲ್ಲಿ ಕಳೆಯಂತೆ ಬೆಳೆಯುವ ಗಿಡ. ಉಳಿದದ್ದು ಹಾಲು, ಎಳ್ಳೆಣ್ಣೆ. ಲಕ್ಕಿಯ ಗೆಲ್ಲು ನೆಟ್ಟರೆ ಬೇರು ಬಿಡುತ್ತದೆ, ದನ ತಿನ್ನುವುದಿಲ್ಲ, ಬೇಲಿಯೂ ಆಗುತ್ತದೆ. ದಶಮೂಲದ ಮರಗಳ ಬೇರಿಗೆ ಬದಲಾಗಿ ಎಳೆಯ ಕೊಂಬೆ, ತೊಗಟೆ ಅಥವಾ ಬೆಳೆಸಿದ ಎಳೆಗಿಡದ ಬೇರು ಸಾಕಾದೀತೇ ಎಂಬ ಬಗ್ಗೆ ಸಂಶೋಧನೆಗಳು ನಡೆದಿವೆ. ನಮ್ಮ ಆಯುರ್ವೇದ ಕಾಲೇಜುಗಳು ಇದನ್ನು ಮುಂದಕ್ಕೆ ಒಯ್ದು, ತಮ್ಮ ಔಷಧಾಲಯದ ಬೇರು ಎಲ್ಲಿಂದ ಬರುತ್ತದೆ ಎಂಬುದನ್ನು ಫಲಕದಲ್ಲಿ ಬರೆದು ತೂಗುಹಾಕಲಿ ಎಂಬುದು ನಮ್ಮ ಬೇಡಿಕೆ. ಪಂಚಾಯತುಗಳು ಶಾಲೆಯ ಆವರಣ, ದೇವಸ್ಥಾನದ ಜಾಗಗಳಲ್ಲಿ ಅಕೇಶಿಯಾ ಬದಲು ಶಿವನೆ, ಬಿಲ್ವಗಳನ್ನು ನೆಡಲಿ.

ರೋಗಿಗಳಾಗಿ ನಾವು ಕೇಳಬೇಕಾದದ್ದು ಕಡಿಮೆಯೇ. ಈ ನೋವಿಗೆ ಕಾರಣವೇನೆಂದು ಪರೀಕ್ಷಿಸಿದ್ದೀರಾ? ಬಾಟಲಿಯೊಳಗೆ ಏನಿದೆ? ಎಷ್ಟು ವಾರದಲ್ಲಿ ಎಷ್ಟು ಕಡಿಮೆಯಾಗಬೇಕು, ಆಗದಿದ್ದರೆ ಯಾರಲ್ಲಿಗೆ ಕಳುಹಿಸುತ್ತೀರಿ? ಒಳ್ಳೆಯ ಪಂಡಿತರು ಈ ಪ್ರಶ್ನೆಗಳಿಗೆ ಮುನಿಯುವುದಿಲ್ಲ. ಆಸ್ಪತ್ರೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲು ಯಾರು ಹೇಳಿದರೂ ಒಪ್ಪದಿರಿ; ನರನೋವಿನ ಮಾತ್ರೆಗಳನ್ನು ಹಂತಹಂತವಾಗಿ ಇಳಿಸಬೇಕಾಗುತ್ತದೆ. ಎರಡೂ ಕಡೆಯ ವೈದ್ಯರಿಗೆ ಎರಡೂ ಚೀಟಿಗಳನ್ನು ತೋರಿಸಿ. ಮಳೆಗಾಲ ಹಿಡಿದೊಡನೆ ಬೇಲಿಗೆ ನಾಲ್ಕು ಲಕ್ಕಿ ಗೆಲ್ಲು ಊರಿಬಿಡಿ.