ರೋಗದ ಕಾಲದಲ್ಲಿ ಮೆರವಣಿಗೆ ಹೊರಡುವ ಬಗೆ



2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಟೊಮೇಟೊ ತಿಪ್ಪೆಗೆ ಹೋಯ್ತು, ಹೂವು ಗಿಡದಲ್ಲೇ ಬಾಡಿತು. ಮನೆ ಬಿಟ್ಟು ಕದಲಬೇಡಿ ಅಂದರು, ನಾವು ಕದಲಲಿಲ್ಲ. ಸರ್ಕಾರದ ಲೇಖನಿ ಮಾತ್ರ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ರಾಜ್ಯದ ಎಪಿಎಂಸಿ ಕಾಯ್ದೆಗೆ ಸುಗ್ರೀವಾಜ್ಞೆ, ಜೂನ್ 5ರಂದು ಕೇಂದ್ರದ ಮೂರು ಸುಗ್ರೀವಾಜ್ಞೆ, ಜುಲೈನಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳಿಗೆ ಕತ್ತರಿ. ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದು ಅಂತಾಯ್ತು. ರೋಗ ಇಳಿಯಲಿ, ಆಮೇಲೆ ಕೇಳೋಣ ಅಂತ ಕೂರುವ ಹಾಗಿರಲಿಲ್ಲ. ಸೆಪ್ಟೆಂಬರ್ 28ರಂದು ರೈತ ಸಂಘಟನೆಗಳು ಕರ್ನಾಟಕ ಬಂದ್ ಮಾಡಿದವು. ನವೆಂಬರ್ ಕೊನೆಯಿಂದ ಪಂಜಾಬ್, ಹರಿಯಾಣದ ರೈತರು ದೆಹಲಿ ಗಡಿಯಲ್ಲಿ ಕೂತರು. ವರ್ಷ ಕಳೆದ ಮೇಲೆ, 2021ರ ನವೆಂಬರ್ 29ರಂದು, ಆ ಮೂರೂ ಕಾಯ್ದೆಗಳ ರದ್ದತಿಗೆ ಸಂಸತ್ತು ಒಪ್ಪಿತು.

ಹಾಗಾದ್ರೆ ರೋಗಕ್ಕೆ ಹೆದರಬೇಕಿಲ್ಲ ಅಂತ ಎದೆ ತಟ್ಟುವವರಿದ್ದಾರೆ. ನಾನು ಒಪ್ಪೋದಿಲ್ಲ. ಆಸ್ಪತ್ರೆ ಬಿಲ್ಲಿಗೆ ಒಡವೆ ಅಡವಿಟ್ಟವರು, ಜಮೀನು ಭೋಗ್ಯಕ್ಕೆ ಹಾಕಿದವರು ನಮ್ಮ ಹೋಬಳಿಯಲ್ಲೇ ಇದ್ದಾರೆ. ಸಾಲ ಮನ್ನಾ ಕೇಳಲು ಹೋದವನು ಹೊಸ ಸಾಲ ಹೊತ್ತು ಬಂದರೆ ಚಳವಳಿ ಯಾರ ಪಾಲಿಗೆ?

ನಮ್ಮದೇ ತಪ್ಪು ಹೇಳ್ತೀನಿ. ಆ ವರ್ಷ ಜಿಲ್ಲಾ ಕೇಂದ್ರದ ಧರಣಿಗೆ ಹದಿನೆಂಟು ಜನ ಒಂದೇ ಟೆಂಪೋದಲ್ಲಿ ಹೋದೆವು. ಮಳೆ ಬಂತೆಂದು ನಾಲ್ಕೂ ಕಡೆ ಟಾರ್ಪಾಲು ಇಳಿಸಿ, ದಾರಿಯುದ್ದಕ್ಕೂ ಘೋಷಣೆ ಕೂಗಿದೆವು. ಅಲ್ಲಿ ಬಯಲಿನಲ್ಲಿ ಮಾತ್ರ ಪೊಲೀಸರಿಗೆ ಕಾಣಲೆಂದು ದೂರ ದೂರ ನಿಂತೆವು! ವಾರದೊಳಗೆ ಆರು ಜನ ಹಾಸಿಗೆ ಹಿಡಿದರು. ಟೆಂಪೋದಿಂದಲೇ ಅಂತ ಆಣೆ ಮಾಡಲಾರೆ. ಆದರೆ ಬಯಲಲ್ಲಿ ಉಸಿರು ಗಾಳಿಗೆ ಚದುರಿ ಹೋಗುತ್ತೆ, ಮುಚ್ಚಿದ ಗಾಡಿಯಲ್ಲಿ ಅಲ್ಲೇ ಸುತ್ತುತ್ತೆ. ಕೂಗಿದಷ್ಟೂ ಹೆಚ್ಚು.

ಆದ್ದರಿಂದ ಇಂಥ ರೋಗ ಮತ್ತೆ ಬಂದರೆ ಒಂದು ಮನೆಯವರು ಒಂದು ಗಾಡಿಯಲ್ಲಿ ಹೋಗಲಿ, ಟ್ರ್ಯಾಕ್ಟರ್, ಬೈಕು, ಯಾವುದಾದರೂ. ಘೋಷಣೆ ಬದಲು ತಮಟೆ ಇರಲಿ. ಪಂಕ್ತಿ ಊಟ ಬೇಡ, ಬುತ್ತಿ ಕಟ್ಟಿಕೊಳ್ಳಿ. ಮಾಸ್ಕು ಮೂಗು ಮುಚ್ಚಿರಬೇಕು. ಹಸಿರು ಟವೆಲ್ ಹೆಗಲಿಗೆ, ಮೂಗಿಗಲ್ಲ. ಜ್ವರ ಬಂದವನನ್ನು, ವಾಸನೆ ತಿಳಿಯದವನನ್ನು ಮನೆಯಲ್ಲೇ ಬಿಡಿ, ಹೇಡಿ ಅಂತ ಹಂಗಿಸಬೇಡಿ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಬರಬೇಕೆಂದೇನಿಲ್ಲ. 2021ರ ಮೇ 26ರಂದು, ಎರಡನೇ ಅಲೆಯ ನಡುವೆ, ದೆಹಲಿ ಗಡಿಯ ಕರೆಗೆ ರೈತರು ಮನೆ ಮೇಲೆ, ಟ್ರ್ಯಾಕ್ಟರ್ ಮೇಲೆ ಕಪ್ಪು ಬಾವುಟ ಹಾರಿಸಿದರು. ಅದೂ ಚಳವಳಿಯೇ.

ಮುಖಂಡರಿಗೆ ಒಂದು ಮಾತು, ನನ್ನನ್ನೂ ಸೇರಿಸಿ. ಎಷ್ಟು ಜನ ಸೇರಿದ್ರು ಅನ್ನೋದೇ ನಮಗೆ ಚಪಲ. ಇನ್ನೂರು ಜನ ಎರಡೆರಡು ಮಾರು ಬಿಟ್ಟು ಸಾಲಾಗಿ ನಡೆದರೆ ರಸ್ತೆಯೇ ತುಂಬಿದ ಹಾಗೆ ಕಾಣುತ್ತೆ. ಇಸ್ರೇಲಿನ ಟೆಲ್ ಅವೀವ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಎರಡು ಮೀಟರ್ ಅಂತರದಲ್ಲಿ ನಿಂತು ಪ್ರತಿಭಟಿಸಿದರು. ನಮಗೆ ಸುಣ್ಣದ ಗುರುತು ಹಾಕುವುದು ಕಷ್ಟವೇ?

ಹಿಂದಿನ 144ನೇ ಸೆಕ್ಷನ್ ಈಗ ಹೊಸ ಸಂಹಿತೆಯಲ್ಲಿ 163 ಆಗಿದೆ, ಕೆಲಸ ಅದೇ. ದಾರಿ, ಹೊತ್ತು, ಗಾಡಿಗಳ ಲೆಕ್ಕ ಬರೆದು ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಯಾವ ಗಾಡಿಯಲ್ಲಿ ಯಾರು ಕೂತರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಬ್ಬನಿಗೆ ಜ್ವರ ಬಂದರೆ ಅದೇ ರಾತ್ರಿ ಉಳಿದವರಿಗೆ ಫೋನು ಹೋಗಬೇಕು. ಆ ನೋಟ್‌ಬುಕ್ಕು ಯಾರ ಕೈಯಲ್ಲಿರಬೇಕು ಅನ್ನೋದನ್ನು ಮುಂದಿನ ಗ್ರಾಮ ಘಟಕದ ಸಭೆಯಲ್ಲೇ ತೀರ್ಮಾನಿಸಿ.