ಮಾತಿಗೆ ಮುಂಚೆ ಕಿವಿ

ಮನುಷ್ಯನಿಗೆ ಒದಗುವ ಅಂಗವೈಕಲ್ಯಗಳಲ್ಲಿ ಕಿವುಡಿನಷ್ಟು ಮರೆಯಲ್ಲಿ ಅಡಗಿ ಕುಳಿತುಕೊಳ್ಳುವಂಥದು ಇನ್ನೊಂದಿಲ್ಲ. ಕಣ್ಣು ಕಾಣದ ಶಿಶುವನ್ನು ತಾಯಿ ಕೆಲವು ತಿಂಗಳುಗಳಲ್ಲಿಯೇ ಗುರುತಿಸುತ್ತಾಳೆ. ಕಾಲು ಸೊಟ್ಟಗಿರುವ ಶಿಶುವನ್ನು ಹೆರಿಗೆ ಮಾಡಿಸಿದ ದಾದಿಯೇ ಕಂಡು ಹೇಳುತ್ತಾಳೆ. ಆದರೆ ಕಿವಿ ಕೇಳದ ಮಗು ಎಲ್ಲ ಮಕ್ಕಳಂತೆಯೇ ನಗುತ್ತದೆ, ಅಳುತ್ತದೆ, ತಾಯಿಯ ಮುಖವನ್ನು ನೋಡಿ ಕೈಕಾಲು ಬಡಿಯುತ್ತದೆ, ಸಕಾಲದಲ್ಲಿ ಅಂಬೆಗಾಲಿಕ್ಕುತ್ತದೆ. ಅದರ ಕೊರತೆ ಹೊರಬೀಳುವುದು ಮಾತು ಬರಬೇಕಾದ ವಯಸ್ಸಿನಲ್ಲಿ ಮಾತು ಬಾರದೆ ಹೋದಾಗ. ಆಗಲೂ ಮನೆಯವರು ಧೈರ್ಯ ಹೇಳಿಕೊಳ್ಳುತ್ತಾರೆ: ಇವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು, ಗಂಡು ಮಕ್ಕಳಿಗೆ ಹೀಗೆಯೇ, ದೇವರು ಯಾವಾಗಲಾದರೊಮ್ಮೆ ನಾಲಗೆ ಹೊರಳಿಸುತ್ತಾನೆ, ಎಂದು. ಹೀಗೆ ಹೇಳಿಕೊಳ್ಳುತ್ತಿರುವಾಗಲೇ ಮೂರು ವರ್ಷ ಕಳೆಯುತ್ತದೆ. ಕಳೆದ ಆ ಮೂರು ವರ್ಷವನ್ನು ಯಾವ ವೈದ್ಯನೂ ಹಿಂದಕ್ಕೆ ತಂದುಕೊಡಲಾರ.

ವೈದ್ಯರು ಬರೆಯಬೇಕಾದ ವಿಷಯವನ್ನು ಕನ್ನಡದ ಅಧ್ಯಾಪಕನೊಬ್ಬ ಕೈಗೆತ್ತಿಕೊಂಡುದೇಕೆ ಎಂದು ವಾಚಕರು ಕೇಳಬಹುದು. ಉತ್ತರ ಸರಳವಾಗಿದೆ. ನಾವು ಕಾಲೇಜಿನಲ್ಲಿ ಕಲಿಸುವುದು ಭಾಷೆಯ ಕೊನೆಯ ಪಾಠಗಳನ್ನು. ಮೊದಲ ಪಾಠವೆಲ್ಲ ತೊಟ್ಟಿಲಲ್ಲಿ, ಕಿವಿಯ ಮೂಲಕ ನಡೆದುಹೋಗಿರುತ್ತದೆ. ಸುಭದ್ರೆಯ ಗರ್ಭದಲ್ಲಿದ್ದ ಅಭಿಮನ್ಯು ಚಕ್ರವ್ಯೂಹದ ಮಾತನ್ನು ಕೇಳಿದನೆಂಬ ಕಥೆಯನ್ನು ನಾವು ಬರಿಯ ಅದ್ಭುತವೆಂದು ಓದುತ್ತೇವೆ. ಯುದ್ಧವಿದ್ಯೆಯ ಮಾತು ಹಾಗಿರಲಿ, ಗರ್ಭದ ಆರನೆಯ ತಿಂಗಳ ಸುಮಾರಿಗೆ ಶಿಶುವಿಗೆ ಶಬ್ದ ಕೇಳತೊಡಗುತ್ತದೆ ಎಂಬುದು ಇಂದು ನಿಶ್ಚಿತವಾದ ಸಂಗತಿ. ಹುಟ್ಟುವ ಹೊತ್ತಿಗೆ ಅದು ತಾಯಿಯ ದನಿಯನ್ನು ಬೇರೆಯವರ ದನಿಯಿಂದ ಬೇರ್ಪಡಿಸಿ ತಿಳಿಯಬಲ್ಲುದು. ಶಾಲೆಯ ಮೆಟ್ಟಿಲು ಹತ್ತುವುದಕ್ಕೆ ಮೊದಲೇ ಮಗು ವಿಭಕ್ತಿ ಪ್ರತ್ಯಯಗಳನ್ನೂ ಕ್ರಿಯಾಪದದ ಕಾಲಭೇದಗಳನ್ನೂ ಯಾರೂ ಕಲಿಸದೆ ತಪ್ಪಿಲ್ಲದಂತೆ ಬಳಸುತ್ತದೆ. ಅಂಥ ವ್ಯಾಕರಣದ ಬಾಗಿಲೇ ಮುಚ್ಚಿರುವ ಮಗುವಿನ ಚಿಂತೆ ಭಾಷೆಯ ಅಧ್ಯಾಪಕನದಲ್ಲದೆ ಇನ್ನಾರದು?

ನಮ್ಮ ಗಂಗೊಳ್ಳಿಯಂಥ ಊರಿನಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗಿ ಮನಸ್ಸಿಗೆ ಬರುತ್ತದೆ. ಐದು ನದಿಗಳು ಬಂದು ಕಡಲನ್ನು ಸೇರುವ ಈ ಅಳಿವೆಯ ದಡದಲ್ಲಿ ಭಾಷೆಗಳೂ ಹಾಗೆಯೇ ಬಂದು ಸೇರಿವೆ. ಕುಂದಾಪುರದ ಕನ್ನಡ, ಖಾರ್ವಿಗಳ ಕೊಂಕಣಿ, ಸಾರಸ್ವತರ ಕೊಂಕಣಿ, ಮುಸಲ್ಮಾನರ ಮನೆಮಾತು, ಇವೆಲ್ಲವೂ ಬಂದರಿನ ಕಟ್ಟೆಯ ಮೇಲೆ ಒಂದೇ ಮುಂಜಾನೆಯಲ್ಲಿ ಕೇಳಿಬರುತ್ತವೆ. ಇಲ್ಲಿಯ ಮಗು ಎರಡು ಮೂರು ನುಡಿಗಳನ್ನು ಆಡುತ್ತ ಶಾಲೆಗೆ ಬರುವುದು ವಿಶೇಷವಲ್ಲ. ಇದು ಕಿವಿಯ ಐಶ್ವರ್ಯ. ಆದರೆ ಇದೇ ಊರು ಕಿವುಡನ್ನು ಮರೆಮಾಡುವುದಕ್ಕೂ ಅನುಕೂಲವಾಗಿದೆ. ಕಡಲ ಮೊರೆತ, ದೋಣಿಯ ಎಂಜಿನ್ನಿನ ಸದ್ದು, ಮೀನಿನ ಹರಾಜಿನ ಕೂಗು, ಇವುಗಳ ನಡುವೆ ಬಾಳುವ ನಮ್ಮವರಿಗೆ ಎತ್ತರದ ದನಿಯಲ್ಲಿ ಮಾತನಾಡುವುದೇ ರೂಢಿ. ಅರೆಬರೆ ಕೇಳುವ ಮಗು ಇಂಥ ಮನೆಯಲ್ಲಿ ದೊಡ್ಡ ದನಿಯನ್ನೂ ಕೈಸನ್ನೆಯನ್ನೂ ಮುಖಭಾವವನ್ನೂ ಹಿಡಿದು ಹೇಗೋ ಸುಧಾರಿಸಿಕೊಳ್ಳುತ್ತದೆ; ಯಾರಿಗೂ ಅನುಮಾನ ಬರುವುದಿಲ್ಲ.

ಅನುಮಾನ ಬಂದರೂ ನಾವು ಮಾಡುವ ಪರೀಕ್ಷೆ ಎಂಥದು? ಅಜ್ಜಿ ಹಿಂದಿನಿಂದ ಬಂದು ತಾಟನ್ನು ಬಡಿಯುತ್ತಾಳೆ. ಮಗು ತಿರುಗಿ ನೋಡುತ್ತದೆ. "ಕಿವಿ ಸರಿಯಿದೆ" ಎಂದು ತೀರ್ಪಾಗುತ್ತದೆ. ನಮ್ಮ ಬೀದಿಯ ಮಗುವೊಂದಕ್ಕೆ ಈ ತಾಟಿನ ಪರೀಕ್ಷೆ ಮೂರು ಸಲ ನಡೆದುದನ್ನು ನಾನು ಬಲ್ಲೆ. ಮೂರು ಸಲವೂ ಅದು ತೇರ್ಗಡೆಯಾಗಿತ್ತು. ಮಣಿಪಾಲದಲ್ಲಿ ಯಂತ್ರದಿಂದ ಪರೀಕ್ಷಿಸಿದಾಗ ಎರಡು ಕಿವಿಗಳಲ್ಲಿಯೂ ತೀವ್ರವಾದ ಶ್ರವಣದೋಷ ಕಂಡುಬಂದಿತು. ಇದರಲ್ಲಿ ವಿಚಿತ್ರವೇನೂ ಇಲ್ಲ. ತಾಟು ಬಡಿದಾಗ ನೆಲ ಅದುರುತ್ತದೆ, ಗಾಳಿ ಬೀಸುತ್ತದೆ, ಬಡಿದವಳ ನೆರಳು ಗೋಡೆಯ ಮೇಲೆ ಬೀಳುತ್ತದೆ, ಎದುರಿಗಿರುವ ತಾಯಿಯ ಕಣ್ಣು ಆ ಕಡೆಗೆ ಹೊರಳುತ್ತದೆ. ಕಿವಿಯಿಲ್ಲದ ಮಗುವಿನ ಕಣ್ಣು ಇವೆಲ್ಲವನ್ನೂ ಬಲು ಚುರುಕಾಗಿ ಗ್ರಹಿಸುತ್ತದೆ. 1944ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಯೂಯಿಂಗ್ ದಂಪತಿಗಳು ಇಂಥ ಪರೀಕ್ಷೆಯನ್ನೇ ಶಾಸ್ತ್ರೀಯವಾಗಿ ರೂಪಿಸಿ, ಮಗುವಿನ ಕಣ್ಣಿಗೆ ಕಾಣದಂತೆ, ಸಣ್ಣ ಸದ್ದುಗಳನ್ನು ಅಳತೆಯಿಂದ ಮಾಡುವ ಕ್ರಮವನ್ನು ತಿಳಿಸಿದರು. ಅಲ್ಲಿ ಎಷ್ಟೋ ವರ್ಷ ಅದು ನಡೆಯಿತು. ಅಷ್ಟು ಎಚ್ಚರದಿಂದ ನಡೆಸಿದರೂ ಬಹಳ ಮಕ್ಕಳು ತಪ್ಪಿಹೋಗುತ್ತಾರೆಂದು ಕಂಡ ಮೇಲೆ ಇಂಗ್ಲೆಂಡು 2001ರಿಂದ 2006ರ ಒಳಗಾಗಿ ಹುಟ್ಟಿದ ಪ್ರತಿಯೊಂದು ಶಿಶುವನ್ನೂ ಯಂತ್ರದಿಂದಲೇ ಪರೀಕ್ಷಿಸುವ ವ್ಯವಸ್ಥೆಗೆ ಬಂದಿತು. ತರಬೇತಿ ಪಡೆದವರ ಕೈಯಲ್ಲಿಯೇ ಸೋತ ಉಪಾಯ ನಮ್ಮ ಅಡಿಗೆಮನೆಯ ತಾಟಿನಿಂದ ಗೆದ್ದೀತೆ?

ಕೇಳುವುದು, ಕೇಳದಿರುವುದು ಎಂದು ಎರಡೇ ಸ್ಥಿತಿಗಳೆಂಬ ಭಾವನೆಯೂ ತಪ್ಪು. ನಮ್ಮ ವರ್ಣಮಾಲೆಯನ್ನೇ ನೋಡಿರಿ. ಸ್ವರಗಳು ತಗ್ಗಿನ ಶ್ರುತಿಯವು, ಬಲವುಳ್ಳವು. ಸಕಾರ ಶಕಾರಗಳು ಎತ್ತರದ ಶ್ರುತಿಯವು, ಬಲ ಕಡಿಮೆ. ತಗ್ಗಿನ ಶ್ರುತಿಗಳಷ್ಟೇ ಕೇಳುವ ಮಗುವಿಗೆ ಕರೆದುದು ಕೇಳುತ್ತದೆ, ಬಾಗಿಲು ಬಡಿದುದು ಕೇಳುತ್ತದೆ, ಗುಡುಗು ಕೇಳುತ್ತದೆ. ಆದರೆ "ಸಕ್ಕರೆ" ಎಂದರೆ "ಅಕ್ಕರೆ" ಎಂದಂತೆ ಕೇಳುತ್ತದೆ. "ಸರಿ" ಎಂಬುದು "ಅರಿ"ಯಾಗುತ್ತದೆ. ಪದದ ತಲೆಯೋ ಬಾಲವೋ ಹಾರಿಹೋದ ಭಾಷೆಯನ್ನು ಅದು ಕಲಿಯುತ್ತದೆ, ಕಲಿತಂತೆಯೇ ಆಡುತ್ತದೆ. ಮನೆಯವರು ತೊದಲೆಂದು ಮುದ್ದಿಸುತ್ತಾರೆ, ಉಪಾಧ್ಯಾಯರು ಮಂದಬುದ್ಧಿಯೆಂದು ಹಿಂದಿನ ಬೆಂಚಿಗೆ ಕಳುಹಿಸುತ್ತಾರೆ. ಹಿಂದಿನ ಬೆಂಚಿನಲ್ಲಿ ಇನ್ನೂ ಕಡಿಮೆ ಕೇಳುತ್ತದೆ. ಅಕ್ಷರಸ್ಖಾಲಿತ್ಯಕ್ಕಾಗಿ ಅಂಕ ಕಳೆದುಕೊಂಡ ವಿದ್ಯಾರ್ಥಿಗಳಲ್ಲಿ ಎಷ್ಟು ಜನರ ದೋಷ ಕೈಯದಾಗಿರದೆ ಕಿವಿಯದಾಗಿತ್ತೋ ಯಾರು ಲೆಕ್ಕವಿಟ್ಟಿದ್ದಾರೆ?

ಹಾಗಾದರೆ ತಾಯಂದಿರು ಏನನ್ನು ಗಮನಿಸಬೇಕು? ದೊಡ್ಡ ಸದ್ದಿಗೆ ಎಳೆಯ ಕೂಸು ಬೆಚ್ಚಬೇಕು. ಮೂರನೆಯ ತಿಂಗಳ ಸುಮಾರಿಗೆ ತಾಯಿಯ ದನಿಗೆ ಅಳು ನಿಲ್ಲಬೇಕು. ಆರು ತಿಂಗಳಿಗೆ ಸದ್ದು ಬಂದ ಕಡೆಗೆ ತಲೆ ಹೊರಳಬೇಕು. ಒಂಬತ್ತು ಹತ್ತು ತಿಂಗಳಿಗೆ ತನ್ನ ಹೆಸರಿಗೆ ಓಗೊಡಬೇಕು; "ಬಬಬ", "ಮಮಮ" ಎಂದು ವ್ಯಂಜನಗಳ ಸರಮಾಲೆ ಹೊರಡಬೇಕು. ವರ್ಷಕ್ಕೆ ಒಂದೆರಡು ಮಾತು, ಎರಡನೆಯ ವರ್ಷಕ್ಕೆ ಎರಡು ಪದ ಕೂಡಿಸಿದ ವಾಕ್ಯ ಬರಬೇಕು. ಇಲ್ಲೊಂದು ಮೋಸವುಂಟು. ಮೊದಲ ಕೆಲವು ತಿಂಗಳು ಕಿವುಡು ಶಿಶುವೂ "ಆ", "ಊ" ಎಂದು ದನಿಗೈಯುತ್ತದೆ. ಅದನ್ನು ಕೇಳಿ ನಿಶ್ಚಿಂತರಾಗಬಾರದು. ವ್ಯಂಜನಗಳು ಕೂಡಿದ ತೊದಲು ಸಕಾಲಕ್ಕೆ ಬರಬೇಕಾದರೆ ಕಿವಿಗೆ ಕೇಳುತ್ತಿರಬೇಕು.

ಆದರೆ ಈ ಲಕ್ಷಣಗಳಿಗಾಗಿ ಕಾಯುವುದು ಕೂಡ ಇಂದು ಅನಗತ್ಯ. ಒಳಗಿವಿಯ ಶಂಖದೊಳಗಿನ ಸೂಕ್ಷ್ಮ ಕೋಶಗಳು ಶಬ್ದವನ್ನು ಗ್ರಹಿಸುವಾಗ ತಾವೂ ಅತಿ ಮೆಲ್ಲನೆಯ ದನಿಯೊಂದನ್ನು ಹೊರಡಿಸುತ್ತವೆ ಎಂದು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ತೋರಿಸಿಕೊಟ್ಟರು. ಕಿವಿಯೇ ಮರುದನಿ ಕೊಡುತ್ತದೆಂಬ ಈ ಶೋಧದಿಂದ ಓ.ಎ.ಇ. ಎಂಬ ಪರೀಕ್ಷೆ ಹುಟ್ಟಿತು. ಮಲಗಿರುವ ಕೂಸಿನ ಕಿವಿಯಲ್ಲಿ ಮೆತ್ತನೆಯ ಪುಟ್ಟ ಬಿರಡೆಯೊಂದನ್ನಿಟ್ಟು ಸಣ್ಣ ಸದ್ದು ಕಳುಹಿಸುತ್ತಾರೆ. ಮರುದನಿ ಬಂದರೆ ಯಂತ್ರ ತಿಳಿಸುತ್ತದೆ. ಕೆಲವೇ ನಿಮಿಷಗಳ ಕೆಲಸ, ಸೂಜಿಯಿಲ್ಲ, ನೋವಿಲ್ಲ. ಇದರಲ್ಲಿ ಸಂದೇಹ ಬಂದವರಿಗೆ "ಬೇರಾ" ಎಂದು ಕರೆಯುವ ಇನ್ನೊಂದು ಪರೀಕ್ಷೆಯುಂಟು. ತಲೆಯ ಮೇಲೆ ಅಂಟಿಸಿದ ಎಲೆಕ್ಟ್ರೋಡುಗಳಿಂದ ಶಬ್ದವು ನರದ ಹಾದಿಯಲ್ಲಿ ಮೆದುಳಿನತ್ತ ಸಾಗುವುದನ್ನು ಅಳೆಯುತ್ತಾರೆ. ಎರಡೂವರೆ ವರ್ಷ ದಾಟಿದ ಮಗುವಾದರೆ ಆಟವೇ ಪರೀಕ್ಷೆ: ಸದ್ದು ಕೇಳಿದಾಗಲೆಲ್ಲ ಒಂದು ಬಳೆಯನ್ನು ಕಂಬಕ್ಕೆ ತೊಡಿಸು, ಎಂದು. ಪರೀಕ್ಷೆಗೆ ಇವನಿನ್ನೂ ಬಹಳ ಚಿಕ್ಕವನು ಎಂಬ ಮಾತಿಗೆ ಈಗ ಆಧಾರವೇ ಇಲ್ಲ.

ಒಮ್ಮೆ ತೇರ್ಗಡೆಯಾದ ಮಾತ್ರಕ್ಕೆ ಜೀವಮಾನಕ್ಕೆ ರಹದಾರಿ ದೊರೆತಂತಲ್ಲ. ಹುಟ್ಟಿದಾಗ ಕಾಮಾಲೆ ವಿಪರೀತವಾಗಿದ್ದ ಶಿಶುಗಳಲ್ಲಿ ಒಳಗಿವಿ ಮರುದನಿ ಕೊಟ್ಟರೂ ನರದ ಹಾದಿ ಕೆಟ್ಟಿರಬಹುದು. ಅಂಥವರಿಗೆ ಬೇರಾ ಪರೀಕ್ಷೆಯೇ ಆಗಬೇಕು. ತೂಕ ಕಡಿಮೆಯಿದ್ದು ತೀವ್ರ ನಿಗಾ ಘಟಕದಲ್ಲಿದ್ದವರು, ಮಿದುಳಿನ ಪೊರೆಯ ಜ್ವರ ಬಂದವರು, ಮನೆತನದಲ್ಲಿ ಕಿವುಡುಳ್ಳವರು, ಇವರನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಶೀತವಾದಾಗಲೆಲ್ಲ ಕಿವಿ ಸೋರುವ ಮಕ್ಕಳಿಗಂತೂ ಅದು ತಪ್ಪದು. ಎಲ್ಲಕ್ಕಿಂತ ಮಿಗಿಲಾಗಿ, "ಇವನಿಗೆ ಕೇಳುವುದಿಲ್ಲವೇನೋ" ಎಂದು ತಾಯಿ ಒಮ್ಮೆ ಹೇಳಿದರೆ ಅದೊಂದೇ ಪರೀಕ್ಷೆಗೆ ಸಾಕಾದ ಕಾರಣ. ಅವಳನ್ನು ಗದರಿಸಿ ಸುಮ್ಮನಾಗಿಸುವ ಹಿರಿಯರು ಮಗುವಿಗೆ ಉಪಕಾರ ಮಾಡುತ್ತಿಲ್ಲ.

ಇಷ್ಟೊಂದು ಅವಸರವೇಕೆ? ಸಾವಿರ ನವಜಾತ ಶಿಶುಗಳಲ್ಲಿ ಒಂದರಿಂದ ಮೂರಕ್ಕೆ ಹುಟ್ಟಿನಿಂದಲೇ ಗಣನೀಯವಾದ ಶ್ರವಣದೋಷವಿರುತ್ತದೆಂದು ಸಾಮಾನ್ಯವಾದ ಅಂದಾಜು. 1998ರಲ್ಲಿ ಅಮೆರಿಕದ ಕೊಲೊರಾಡೊ ಪ್ರಾಂತದ ಮಕ್ಕಳನ್ನು ಕುರಿತು ಯೋಶಿನಾಗ-ಇಟಾನೊ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ ಒಂದು ಮಾತನ್ನು ಸ್ಥಿರಪಡಿಸಿತು: ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಪಡೆದ ಮಕ್ಕಳ ಭಾಷೆ, ತರುವಾಯ ಪತ್ತೆಯಾದವರ ಭಾಷೆಗಿಂತ ಬಹಳ ಮುಂದಿರುತ್ತದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ಶಿಕ್ಷಣ ಎಂಬ ಸೂತ್ರ ಜಗತ್ತಿನಲ್ಲೆಲ್ಲ ಪ್ರಚಾರಕ್ಕೆ ಬಂದಿರುವುದು ಇದರಿಂದಲೇ. ನಮ್ಮಲ್ಲಿ ಚೌಲದ ಮುಹೂರ್ತ ತಪ್ಪಿದರೆ ಕಳವಳಪಡುತ್ತೇವೆ. ಈ ಮುಹೂರ್ತ ತಪ್ಪಿದುದನ್ನು ಎಣಿಸುವವರಿಲ್ಲ.

ನಮ್ಮ ನಾಡಿಗೆ ವಿದ್ಯೆಯ ಕೊರತೆಯಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿ ದೇಶಕ್ಕೇ ತಜ್ಞರನ್ನು ಒದಗಿಸುತ್ತಿದೆ; ಅಲ್ಲಿಯ ಶಿಶುಶಾಲೆಯಲ್ಲಿ ಮಗುವಿನೊಡನೆ ತಾಯಿಗೂ ತರಬೇತಿಯುಂಟು. ಮಣಿಪಾಲದಲ್ಲಿಯೂ ಮಂಗಳೂರಿನಲ್ಲಿಯೂ ವಾಕ್‌ಶ್ರವಣ ವಿಭಾಗಗಳಿವೆ. ನಮ್ಮ ಸೀಮೆಯ ಅಂಪಾರು ಮೂಡುಬಗೆಯಲ್ಲಿ ಕಿವಿ ಕೇಳದ ಮಕ್ಕಳಿಗಾಗಿ ವಾಗ್ಜ್ಯೋತಿ ಶಾಲೆಯಿದೆ. ಕಿವುಡು ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಆರಂಭವಾಯಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಕಿವುಡು ಸೇರಿದೆ. ಯಂತ್ರದಿಂದ ಪ್ರಯೋಜನವಾಗದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಸರ್ಕಾರದ ನೆರವೂ ಉಂಟು. ಆದರೆ ವಿದ್ಯೆಗೂ ಜನಕ್ಕೂ ನಡುವೆ ಹೊಳೆಯಿದೆ. ಗಂಗೊಳ್ಳಿಯ ದಡದಲ್ಲಿ ನಿಂತರೆ ಎದುರಿಗೇ ಕುಂದಾಪುರ ಕಾಣುತ್ತದೆ; ರಸ್ತೆ ಹಿಡಿದರೆ ಮೈಲುಗಟ್ಟಲೆ ಸುತ್ತಬೇಕು. ಮೊದಲ ತಪಾಸಣೆಯಲ್ಲಿ ಸಂದೇಹ ಬಂದ ಶಿಶುವನ್ನು ಎರಡನೆಯ ಪರೀಕ್ಷೆಗೆ ಕರೆತರುವಲ್ಲಿಯೇ ಎಲ್ಲ ಕಡೆಯೂ ಸೋಲುಂಟಾಗುತ್ತದೆ. ತಂದೆ ದೋಣಿಯ ಮೇಲಿದ್ದಾನೆ, ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ, ಮಗುವಂತೂ ನಗುನಗುತ್ತಲೇ ಇದೆ. ಮತ್ತೆ ಬರೋಣವೆಂದು ಹೋದವರು ಬರುವುದಿಲ್ಲ.

ಇಲ್ಲೊಂದು ಆಕ್ಷೇಪವನ್ನು ಗೌರವದಿಂದ ಎತ್ತಿಕೊಳ್ಳಬೇಕು. ಕಿವುಡು ರೋಗವಲ್ಲ, ಅದೊಂದು ಬೇರೆ ಬಗೆಯ ಬಾಳು. ಸಂಜ್ಞೆಯ ಭಾಷೆಯೂ ಪೂರ್ಣವಾದ ಭಾಷೆಯೇ, ಎಂದು ಆ ಸಮಾಜದ ವಿಚಾರವಂತರು ಹೇಳುತ್ತಾರೆ. ಭಾಷಾಶಾಸ್ತ್ರ ಓದಿದವನಾಗಿ ನಾನು ಇದನ್ನು ಒಪ್ಪುತ್ತೇನೆ. ಅದಕ್ಕೂ ವ್ಯಾಕರಣವಿದೆ, ಹಾಸ್ಯವಿದೆ, ಕಾವ್ಯವಿದೆ. ದಿಲ್ಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನಾ ಕೇಂದ್ರ ಸ್ಥಾಪನೆಯಾದುದು ಯೋಗ್ಯವೇ. ಆದರೆ ಸಂಜ್ಞೆಯನ್ನೂ ಎಳವೆಯಲ್ಲಿಯೇ ಕಲಿಯಬೇಕಲ್ಲವೆ? ಕಿವುಡು ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗಳಿಗೆ. ಪರೀಕ್ಷೆಯಾಗದಿದ್ದರೆ ಆ ಮನೆಯಲ್ಲಿ ಮಗುವಿಗೆ ಮಾತೂ ಸಿಗುವುದಿಲ್ಲ, ಸಂಜ್ಞೆಯೂ ಸಿಗುವುದಿಲ್ಲ. ಯಾವ ಭಾಷೆಯೂ ಇಲ್ಲದೆ ಕಳೆಯುವ ಬಾಲ್ಯವೇ ನಿಜವಾದ ಅನಾಹುತ.

ಮನೆಯಲ್ಲಿ ನಾವೂ ಕೆಲವನ್ನು ತಿದ್ದಿಕೊಳ್ಳಬೇಕಾಗಿದೆ. ಬಾಣಂತಿಕೋಣೆಯಲ್ಲಿ ಕೂಸಿನ ಕಿವಿಗೆ ಎಣ್ಣೆ ಹನಿಸುವುದನ್ನು ಬಿಡಬೇಕು. ಹತ್ತಿರದ ನೆಂಟರಲ್ಲಿ ನಡೆದ ಮದುವೆಗಳಿಂದ ಹುಟ್ಟುಕಿವುಡಿನ ಸಂಭವ ಹೆಚ್ಚುತ್ತದೆಂಬುದನ್ನು ಅರಿಯಬೇಕು. ಬಸುರಿಗೆ ತಗಲಿದರೆ ಶಿಶುವಿನ ಕಿವಿಯನ್ನು ಕೆಡಿಸುವ ರುಬೆಲ್ಲಾ ರೋಗಕ್ಕೆ ಕರ್ನಾಟಕದಲ್ಲಿ 2017ರ ಫೆಬ್ರವರಿಯ ಆಂದೋಲನದಿಂದೀಚೆಗೆ ಸರ್ಕಾರವೇ ಲಸಿಕೆ ಕೊಡುತ್ತಿದೆ, ಅದನ್ನು ತಪ್ಪಿಸಬಾರದು. "ಕೆಪ್ಪ", "ಮೂಗ" ಎಂಬ ಮಾತುಗಳನ್ನು ಬೈಗುಳಾಗಿ ಬಳಸುವುದನ್ನೂ ನಿಲ್ಲಿಸಬೇಕು. ಆ ಬೈಗುಳಕ್ಕೆ ಹೆದರಿಯೇ ಎಷ್ಟೋ ಮನೆಗಳು ಶ್ರವಣಯಂತ್ರವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತವೆ. ಮೂಗಿನ ಮೇಲಿನ ಕನ್ನಡಕಕ್ಕೆ ಇಲ್ಲದ ನಾಚಿಕೆ ಕಿವಿಯ ಯಂತ್ರಕ್ಕೇಕೆ?

ನನ್ನ ಬೇಡಿಕೆ ದೊಡ್ಡದಲ್ಲ. ಹೆರಿಗೆಯಾದ ಪ್ರತಿ ಆಸ್ಪತ್ರೆಯಿಂದಲೂ ಶಿಶುವಿನ ಕಿವಿಯ ಪರೀಕ್ಷೆಯಾಗದೆ ತಾಯಿ ಮನೆಗೆ ಹೋಗಕೂಡದು. ಅದರ ಫಲವನ್ನು ತಾಯಿಯ ಕಾರ್ಡಿನಲ್ಲಿ ಲಸಿಕೆಯ ಪಕ್ಕದಲ್ಲಿಯೇ ಬರೆಯಬೇಕು. ಸಂದೇಹವಿದ್ದ ಮಗುವಿನ ಹೆಸರು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿದ್ದು, ಎರಡನೆಯ ಪರೀಕ್ಷೆ ಮುಗಿಯುವವರೆಗೆ ಅವಳು ಬೆನ್ನು ಬಿಡಕೂಡದು. ಆ ದಿನದ ಬಸ್ಸಿನ ಖರ್ಚನ್ನೂ ಕೂಲಿಯನ್ನೂ ಪಂಚಾಯತಿ ಕೊಟ್ಟರೆ ಬೊಕ್ಕಸವೇನೂ ಬರಿದಾಗದು. ಒಂದನೆಯ ತರಗತಿಗೆ ಸೇರುವ ಪ್ರತಿಯೊಂದು ಮಗುವಿನ ಕಿವಿಯನ್ನೂ ಮತ್ತೊಮ್ಮೆ ನೋಡಬೇಕು. ಕನ್ನಡ ಉಳಿಯಬೇಕೆಂದು ನಾವು ರಾಜ್ಯೋತ್ಸವದ ವೇದಿಕೆಗಳಿಂದ ವರ್ಷವರ್ಷವೂ ಭಾಷಣ ಮಾಡುತ್ತೇವೆ. ಆ ಕನ್ನಡ ಮೊದಲು ಕೂಸಿನ ಕಿವಿಯನ್ನು ತಲುಪಿದೆಯೇ, ತಲುಪಲಾಗದಿದ್ದರೆ ಬೇರೆ ಯಾವ ದಾರಿಯಿಂದ ಭಾಷೆ ಅದನ್ನು ಮುಟ್ಟಬೇಕು ಎಂಬುದನ್ನು ವಿಚಾರಿಸುವುದು ಭಾಷಣಕ್ಕಿಂತ ಮುಂಚಿನ ಕರ್ತವ್ಯ.