ಮೇಷ್ಟರಿಗೆ ನಗುವ ಪಾಠ!

ಉಪಾಧ್ಯಾಯರಿಗೆ ನಗಲು ಬರುವುದಿಲ್ಲವಂತೆ! ಮಕ್ಕಳ ಜಗಳ ಬಿಡಿಸುವ ರೀತಿ ತಿಳಿಯದಂತೆ, ತಂದೆತಾಯಿಗಳೊಡನೆ ಮೃದುವಾಗಿ ಮಾತನಾಡುವ ಅಭ್ಯಾಸವಿಲ್ಲವಂತೆ. ಆದಕಾರಣ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಶಾಲೆಗಳವರಿಗೆ ಕಂಪನಿಗಳ ಹಣದಲ್ಲಿ ‘ಸಾಫ್ಟ್ ಸ್ಕಿಲ್ಸ್’ ಎಂಬ ವಿದ್ಯೆಯ ಬೋಧನೆ ನಡೆದಿದೆ. ಈಚೆಗೆ ಪೀಣ್ಯದ ಬಳಿ ನಡೆದ ಅಂಥದೊಂದು ಶಿಬಿರದಲ್ಲಿ ನಾವೂ ಹಿಂದಿನ ಸಾಲಿನಲ್ಲಿ ಕುಳಿತು ಬಂದೆವು. ದೀರ್ಘವಾಗಿ ಉಸಿರೆಳೆದುಕೊಳ್ಳಿ, ಹತ್ತು ಎಣಿಸಿ, ಮುಗುಳ್ನಗಿ ಎಂದು ಹೇಳಿಕೊಟ್ಟರು. ಊಟ ಚೆನ್ನಾಗಿತ್ತು. ಅದು ಯಾರ ದಾನವೂ ಅಲ್ಲ; ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ೨ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕೆಂದು ೨೦೧೩ರ ಕಂಪನಿ ಕಾಯ್ದೆಯೇ ವಿಧಿಸಿದೆ.

ಅಲ್ಲಿ ಹೇಳಿದ್ದೆಲ್ಲ ಟೊಳ್ಳೆಂದು ನಾವು ಅನ್ನುವುದಿಲ್ಲ. ಹೊಡೆದಾಡಿದ ಇಬ್ಬರು ಹುಡುಗರನ್ನು ಎಲ್ಲರೆದುರು ನಿಲ್ಲಿಸಿ ವಿಚಾರಣೆ ಮಾಡಬೇಡಿ, ಒಬ್ಬೊಬ್ಬನನ್ನೇ ಕರೆದು ಕೇಳಿ, ಆಮೇಲೆ ಕೂಡಿಸಿ ಎಂದ ಮಾತು ಸರಿಯಾದದ್ದೇ. ಹತ್ತು ವರ್ಷ ಮೊದಲೇ ಅದು ನಮ್ಮ ಕಿವಿಗೆ ಬಿದ್ದಿದ್ದರೆ ಒಳ್ಳೆಯದಿತ್ತು.

ಆಗ ನಾವು ಪೀಣ್ಯದ ಮಗ್ಗುಲಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಮೇಷ್ಟರು. ಓದಿದ್ದು ಎಸ್ಸೆಸ್ಸೆಲ್ಸಿ, ಸಂಬಳ ಮನೆ ಬಾಡಿಗೆಗೂ ಸಾಲದಷ್ಟು, ತರಗತಿಯಲ್ಲಿ ೫೮ ಮಕ್ಕಳು. ಒಂದು ವಠಾರದ ಮಾಲೀಕರ ಮಗನಿಗೂ ಅದೇ ವಠಾರದಲ್ಲಿ ಬಾಡಿಗೆಗಿದ್ದ ಯಾದಗಿರಿ ಕಡೆಯ ಹುಡುಗನಿಗೂ ಹೊಡೆದಾಟವಾಯಿತು. ‘ನಮ್ಮಪ್ಪನಿಗೆ ಹೇಳಿ ನಿಮ್ಮ ಸಾಮಾನು ಬೀದಿಗೆ ಹಾಕಿಸ್ತೀನಿ’ ಎಂದು ಒಬ್ಬ ಅಂದಿದ್ದ, ಇನ್ನೊಬ್ಬ ಕೈಯೆತ್ತಿದ್ದ. ನಾವು ಏನನ್ನೂ ಕೇಳಲಿಲ್ಲ. ಇಬ್ಬರಿಗೂ ಎರಡೆರಡು ಏಟು ಕೊಟ್ಟೆವು; ಸಮನಾಗಿ ಹಂಚಿದೆವಾದ್ದರಿಂದ ನ್ಯಾಯವಾಯಿತೆಂದು ತಿಳಿದೆವು. ಮುಂದಿನ ತಿಂಗಳು ಯಾದಗಿರಿಯ ಸಂಸಾರ ಮನೆ ಖಾಲಿ ಮಾಡಿತು. ತಾಯಿ ಗಾರ್ಮೆಂಟ್ಸಿನಲ್ಲಿ, ತಂದೆ ಗಾರೆ ಕೆಲಸದಲ್ಲಿ. ಎಲ್ಲಿಗೆ ಹೋದರೆಂದು ನಾವು ವಿಚಾರಿಸಲೂ ಇಲ್ಲ. ತರಗತಿಯಲ್ಲಿ ಇನ್ನೂ ೫೭ ಮಂದಿ ಇದ್ದರಲ್ಲ!

ನಾವು ಅಂದು ಮಾಡಿದ್ದು ಅಪರಾಧ. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ೧೭ನೆಯ ಕಲಂ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಸರಿ, ಒಪ್ಪಿದೆವು. ಆದರೆ ಒಂದರಿಂದ ಐದನೆಯ ತರಗತಿಯವರೆಗೆ ೩೦ ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ ೩೫ ಮಕ್ಕಳಿಗೆ ಒಬ್ಬರು ಉಪಾಧ್ಯಾಯರಿರಬೇಕೆಂದು ಹೇಳಿರುವುದೂ ಇದೇ ಕಾಯ್ದೆ. ಬೆತ್ತ ಕಿತ್ತುಕೊಳ್ಳುವ ಕಲಂ ಮೇಷ್ಟರಿಗೆ, ತಲೆಯೆಣಿಕೆಯ ಪಟ್ಟಿ ಮಾತ್ರ ಯಾರಿಗೂ ಅಲ್ಲವೇ ಎಂದು ಕೇಳುತ್ತೇವೆ.

ಶಿಬಿರದಲ್ಲಿ ನಮ್ಮ ಪಕ್ಕ ಕುಳಿತಿದ್ದಾಕೆ ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿ. ಈ ಅತಿಥಿ ಸತ್ಕಾರದ ವೈಖರಿ ನೋಡಿ: ೨೦೨೫-೨೬ರ ಬಜೆಟ್ಟಿನಲ್ಲಿ ೨,೦೦೦ ರೂಪಾಯಿ ಏರಿಸಿದ ಮೇಲೆ ತಿಂಗಳಿಗೆ ೧೨,೦೦೦. ಶಾಲಾ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಯಾವ ಮಗುವಿನ ಮನೆಯಲ್ಲಿ ಕುಡಿತ, ಯಾವ ಮಗುವಿಗೆ ಮನೆಮಾತು ಬೇರೆ, ಯಾರನ್ನು ಜಾತಿ ಹಿಡಿದು ಕರೆದು ರೇಗಿಸುತ್ತಾರೆ ಎಂಬುದು ಆಕೆಗೆ ತಿಳಿಯುವ ಹೊತ್ತಿಗೆ ಬೇಸಿಗೆ ರಜೆ. ಮುಂದಿನ ವರ್ಷ ಇನ್ನೊಬ್ಬರು, ಮತ್ತೆ ಮೊದಲಿನಿಂದ. ಇಂಥವರಿಗೆ ಹತ್ತು ಎಣಿಸಿ ಎನ್ನುತ್ತಾರೆ! ಆಕೆ ಎಣಿಸುವುದು ಸಂಬಳದ ದಿನವನ್ನು.

೨೦೨೩ರ ಡಿಸೆಂಬರಿನಲ್ಲಿ ಪೀಣ್ಯಕ್ಕೆ ಸಮೀಪದ ಅಂದ್ರಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಿದ ಸುದ್ದಿ ಹೊರಬಿತ್ತು. ಅದೇ ತಿಂಗಳು ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೇ ಇಳಿಸಿದ್ದರು. ಮುಖ್ಯಸ್ಥರು ಅಮಾನತ್ತಾದರು, ಆಗಬೇಕಾದ್ದೇ. ಅದನ್ನು ತೊಳೆಯಲು ಸಂಬಳದ ಆಳನ್ನು ಯಾರು ನೇಮಿಸಬೇಕಾಗಿತ್ತು ಎಂದು ಕೇಳಿದವರು ಕಡಿಮೆ.

ಮೇಷ್ಟರಿಗೆ ಮನೆ ಮನೆ ತಿರುಗಲು ವೇಳೆಯಿಲ್ಲವೆನ್ನುವ ಸರ್ಕಾರ ೨೦೨೫ರ ಸೆಪ್ಟೆಂಬರ್ ೨೨ರಿಂದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಅವರನ್ನೇ ಮನೆ ಮನೆಗೆ ಕಳಿಸಿತು. ಮುಗಿಯಲಿಲ್ಲವೆಂದು ಅಕ್ಟೋಬರ್ ೧೮ರವರೆಗೆ ಶಾಲೆಗೇ ರಜೆ ಕೊಟ್ಟಿತು. ಸಮೀಕ್ಷೆ ಬೇಕು, ಅದಕ್ಕೆ ನಾವು ವಿರೋಧಿಗಳಲ್ಲ. ಆದರೆ ಲೆಕ್ಕ ಬರೆಯಲು ಹೊಸಿಲು ತುಳಿಯಬಹುದಾದ ಮೇಷ್ಟರು, ಹೊಡೆದಾಡಿದ ಹುಡುಗನ ಮನೆಯ ಹೊಸಿಲು ತುಳಿಯಲು ತಿಂಗಳಿಗೆ ಒಂದು ದಿನವನ್ನೂ ಕೆಲಸದ ವೇಳೆಯಲ್ಲಿ ಕೊಡಬಾರದೇ?

ಈಗ ನಮ್ಮವರ ಮಾತು. ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಬಾರಿಸಿ ಮೇಷ್ಟ್ರೇ’ ಎಂದು ಮಗನನ್ನು ಒಪ್ಪಿಸಿ ಹೋದವರು ಯಾರು? ಮಿಲ್ಲಿನ, ಲೇತಿನ ಕಾರ್ಮಿಕರೇ, ಅಂಗಡಿ ಇಟ್ಟವರೇ. ಸೂಪರ್‌ವೈಸರು ಬೈದರೆ ಸಂಘಕ್ಕೆ ದೂರು ತರುವ ನಾವು, ಅದೇ ಬೈಗುಳ ಮಗನ ಮೇಲೆ ಬಿದ್ದರೆ ಶಿಸ್ತು ಎನ್ನುತ್ತೇವೆ. ಉಪಾಧ್ಯಾಯರ ಸಂಘಗಳೂ ಪಿಂಚಣಿಗೆ ಬೀದಿಗಿಳಿದಷ್ಟು ಹುರುಪನ್ನು ಈ ವಿಷಯದಲ್ಲಿ ತೋರಿಸಿದ್ದನ್ನು ನಾವು ಕಂಡಿಲ್ಲ.

ಶಾಲೆಯಲ್ಲಿ ಮಾತನಾಡಲು ನಮಗೆ ಜಾಗವಿಲ್ಲವೆಂದಲ್ಲ. ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಹೆಂಗಸರು ಇರಬೇಕೆಂದು ಕಾಯ್ದೆಯ ೨೧ನೆಯ ಕಲಂ ಹೇಳುತ್ತದೆ. ಆದರೆ ಸಭೆ ಕರೆಯುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ! ಆ ಹೊತ್ತಿಗೆ ತಾಯಿ ಹೊಲಿಗೆ ಯಂತ್ರದ ಮುಂದೆ. ೨೦೧೬ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಪೀಣ್ಯ, ಹೊಸೂರು ರಸ್ತೆಗಳಲ್ಲಿ ಕುಳಿತು, ಎರಡು ದಿನದಲ್ಲಿ ದೆಹಲಿ ಸರ್ಕಾರ ಆದೇಶ ಹಿಂತೆಗೆಯುವಂತೆ ಮಾಡಿದ ಹೆಂಗಸರು ಇವರೇ. ಮಗುವಿನ ಶಾಲೆಗೆ ಹೋಗಲು ಇವರಿಗೆ ಅರ್ಧ ದಿನದ ಸಂಬಳಸಹಿತ ರಜೆ ಸಿಗುವುದಿಲ್ಲ.

ಸಭೆಯನ್ನು ಭಾನುವಾರ ಅಥವಾ ಸಂಜೆ ಏಳರ ಮೇಲೆ ಕರೆಯಬೇಕು; ಒಬ್ಬೊಬ್ಬ ಉಪಾಧ್ಯಾಯರ ಪಾಲಿಗೆ ಎಷ್ಟು ಮಕ್ಕಳಿದ್ದಾರೆಂದು ಅಲ್ಲಿ ಓದಿ ಹೇಳಬೇಕು; ಆ ತಿಂಗಳ ಜಗಳಗಳನ್ನು ಮಕ್ಕಳ ಹೆಸರೆತ್ತದೆ ಚರ್ಚಿಸಬೇಕು. ಹೀಗೆಂದು ಮುಖ್ಯೋಪಾಧ್ಯಾಯರಿಗೆ ಕೊಡುವ ಅರ್ಜಿಯ ನಮೂನೆಯನ್ನು ಅಚ್ಚುಹಾಕಿಸಿದ್ದೇವೆ. ಬೆಳಗಿನ ರೈಲಿನಲ್ಲಿ ಪೀಣ್ಯಕ್ಕೆ ಹೋಗುವವರು ಹಿಂದಿನ ಸಂಜೆಯೇ ನಮ್ಮ ಕಚೇರಿಗೆ ಬಂದು ತೆಗೆದುಕೊಂಡು ಹೋಗಬಹುದು. ರುಜು ಹಾಕಲು ಬಾರದವರ ಹೆಬ್ಬೆಟ್ಟೂ ನಡೆಯುತ್ತದೆ.